ವಿಶೇಷ ಏನೂ ಇಲ್ಲ

ನಾನು ಬೇಜಾರು ಹಿಡಿಸುವ ಹೆಂಗಸು ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ಆ ಕಾರಣಕ್ಕೆ ನನ್ನ ಮಗಳಿಗೆ ಸ್ಕೂಲಿನಲ್ಲಿ ಸೀಟು ತಪ್ಪಬಹುದು ಎಂದು ಮಾತ್ರ ಗೊತ್ತಿರಲಿಲ್ಲ.

ಆಗ ನಾವು ವರ್ತೂರಿನ ಹತ್ತಿರ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದೆವು. ಕಟ್ಟಡ ಹೊಸದು. ಲಿಫ್ಟಿನ ಒಳಗೋಡೆಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಕಿತ್ತಿರಲಿಲ್ಲ. ಮಕ್ಕಳು ಉಗುರಿನಿಂದ ಕೆರೆದು ಕೆರೆದು ತಮ್ಮ ಕೈಗೆ ಎಟಕುವಷ್ಟು ಎತ್ತರದವರೆಗೆ ಹರಿದಿದ್ದರು. ಸುತ್ತಲಿನ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್. ಬೆಳಗ್ಗೆ ಎಂಟೂವರೆಗೆ ಕೊರಳಿಗೆ ಕಾರ್ಡು ತೂಗುಹಾಕಿಕೊಂಡು ಅವರೆಲ್ಲ ಇಳಿದು ಹೋದರೆ ಕಟ್ಟಡದಲ್ಲಿ ಉಳಿಯುವವರು ವಾಚ್‌ಮನ್, ಮನೆಕೆಲಸದ ಹೆಂಗಸರು, ನಾನು, ನನ್ನ ಮಗಳು. ಹತ್ತೂವರೆಗೆ ನೀರಿನ ಟ್ಯಾಂಕರು ಬರುತ್ತಿತ್ತು. ಅದರ ಪಂಪಿನ ಸದ್ದು ನಿಂತ ಮೇಲೆ ಮಧ್ಯಾಹ್ನದವರೆಗೆ ಬೇರೆ ಸದ್ದೇ ಇರುತ್ತಿರಲಿಲ್ಲ.

ನನ್ನ ಯಜಮಾನರದು ಫ್ಯಾಕ್ಟರಿ ಕೆಲಸ. ಮಹದೇವಪುರದ ಕಡೆ, ಗಾಜಿನ ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಒಂದು ಹಳೆಯ ತಗಡಿನ ಶೆಡ್ಡಿನಲ್ಲಿ ಪಂಪುಗಳ ವಾಲ್ವು ತಯಾರಾಗುತ್ತಿತ್ತು. ಒಂದು ವಾಲ್ವು ಇನ್ನೊಂದರ ಹಾಗೆಯೇ ಇದೆಯೇ ಎಂದು ದಿನವಿಡೀ ಅಳೆದು ನೋಡುವುದು ಅವರ ಕೆಲಸ. ಸಂಜೆ ಬಂದು ಬಾಗಿಲ ಬಳಿ ಕೂತು ಶೂ ಬಿಚ್ಚುವಾಗ ನಾನು ಕೇಳುತ್ತಿದ್ದೆ.

"ಏನ್ರೀ ವಿಶೇಷ?"

"ಏನೂ ಇಲ್ಲ ಕಣೆ."

ಹಾಗೆ ಹೇಳುವಾಗ ಅವರ ಮುಖದಲ್ಲಿ ಒಂದು ಸಮಾಧಾನವಿರುತ್ತಿತ್ತು. ವಿಶೇಷ ಇದ್ದ ದಿನವೆಂದರೆ ಎಲ್ಲಿಂದಲೋ ಒಂದು ಪೆಟ್ಟಿಗೆ ವಾಲ್ವು ವಾಪಸು ಬಂದಿದೆ ಎಂದರ್ಥ. ಅಂಥ ದಿನ ಅವರು ಊಟದಲ್ಲಿ ಮಜ್ಜಿಗೆ ಬರುವವರೆಗೂ ಮಾತಾಡುತ್ತಿರಲಿಲ್ಲ.

ಭಾನುವಾರ ಹುಬ್ಬಳ್ಳಿಯಿಂದ ಅವ್ವನ ಫೋನು ಬರುತ್ತಿತ್ತು.

"ಮತ್ತೇನವಾ, ಏನ್ ವಿಶೇಷ?"

"ಏನಿಲ್ಲವ್ವ."

"ಅಡಗಿ ಏನ್ ಮಾಡಿದಿ?"

"ರೊಟ್ಟಿ, ಹೆಸರಕಾಳ ಪಲ್ಯ."

"ಚೊಲೋ ಆತ್ ಬಿಡು."

ಇಷ್ಟೇ. ಮದುವೆಯಾದ ಹೊಸದರಲ್ಲಿ ಅವ್ವ ಆ ಪ್ರಶ್ನೆ ಕೇಳಿದಾಗ ಅದರಲ್ಲಿ ಬೇರೆ ನಿರೀಕ್ಷೆ ಇರುತ್ತಿತ್ತು. ಮಗಳು ಹುಟ್ಟಿದ ಮೇಲೆ ಅದೂ ತೀರಿತು. ಆಮೇಲೆ ಅವಳು ಕೇಳುತ್ತಿದ್ದದ್ದು ರೂಢಿಗೆ, ನಾನು ಹೇಳುತ್ತಿದ್ದದ್ದೂ ರೂಢಿಗೆ.

ನಾನು ಓದಿದ್ದು ಸಿಸ್ಟರ್‌ಗಳು ನಡೆಸುತ್ತಿದ್ದ ಹುಡುಗಿಯರ ಕಾನ್ವೆಂಟಿನಲ್ಲಿ. ಎರಡು ಜಡೆ ಮಡಚಿ ಕಪ್ಪು ರಿಬ್ಬನ್, ಸೀಮೆಸುಣ್ಣ ಬಳಿದು ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಶೂ, ಕೂಡಿಸಿ ಬರೆಯುವ ದುಂಡನೆಯ ಇಂಗ್ಲಿಷ್ ಅಕ್ಷರ. ಕೇಳಿದರೆ ಎದ್ದು ನಿಂತು ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಬೇಕು, ಕೇಳದಿದ್ದರೆ ಸುಮ್ಮನಿರಬೇಕು. ನನ್ನ ಪ್ರೋಗ್ರೆಸ್ ಕಾರ್ಡಿನ ಕೊನೆಯ ಸಾಲಿನಲ್ಲಿ ಹತ್ತು ವರ್ಷ ಬೇರೆ ಬೇರೆ ಸಿಸ್ಟರ್‌ಗಳು ಒಂದೇ ಮಾತು ಬರೆದರು: ಕ್ವಯೆಟ್ ಅಂಡ್ ರೆಗ್ಯುಲರ್. ಅಪ್ಪ ಅದನ್ನು ಓದಿ ಹಣೆಯ ವಿಭೂತಿ ಮುಟ್ಟಿಕೊಂಡು, ತಮಗೇ ಯಾರೋ ಸರ್ಟಿಫಿಕೇಟು ಕೊಟ್ಟ ಹಾಗೆ ಸಹಿ ಹಾಕುತ್ತಿದ್ದರು.

ಮಗಳಿಗೆ ನಾಲ್ಕು ತುಂಬುತ್ತ ಬಂದಾಗ ಸ್ಕೂಲಿನ ಮಾತು ಶುರುವಾಯಿತು. ಅವಳಿಗೆ ಒಂದು ತೊಂದರೆ ಇತ್ತು. ಬಸ್ಸು, ಕಾರು, ಆಟೋ ಯಾವುದರಲ್ಲಿ ಕೂರಿಸಿದರೂ ಕಾಲು ಗಂಟೆಯೊಳಗೆ ವಾಂತಿ. ಮಾರತ್ತಹಳ್ಳಿಯಾಚೆ ಒಂದು ಒಳ್ಳೆಯ ಕಾನ್ವೆಂಟ್ ಇದೆಯೆಂದು ಒಂದು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಕುಂದಲಹಳ್ಳಿ ಗೇಟಿನಲ್ಲಿ ಒಂದು ಸಲ, ಮಾರತ್ತಹಳ್ಳಿ ಸೇತುವೆ ಬರುವ ಮೊದಲೇ ಇನ್ನೊಂದು ಸಲ ಆಯಿತು. ಇಳಿದು, ಅಲ್ಲೇ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಾಟಲಿಯ ನೀರಿನಲ್ಲಿ ಅವಳ ಮುಖ ತೊಳೆದೆ. ಕಾನ್ವೆಂಟಿನವರೆಗೆ ಹೋಗಲೇ ಇಲ್ಲ. ಹಾಗಾಗಿ ನಡೆದು ಹೋಗುವಷ್ಟು ಹತ್ತಿರದ ಸ್ಕೂಲೇ ಬೇಕಿತ್ತು. ನಮ್ಮ ಕಟ್ಟಡದಿಂದ ಐದು ನಿಮಿಷದ ನಡಿಗೆಯಲ್ಲಿ ಇದ್ದದ್ದು ಒಂದು ಹೊಸ ಇಂಟರ್‌ನ್ಯಾಷನಲ್ ಸ್ಕೂಲು. ನಮ್ಮ ಬಾಲ್ಕನಿಯಿಂದ ಅದರ ಹಸಿರು ಗೋಡೆ ಕಾಣುತ್ತಿತ್ತು. ಮಗಳು ಆಗಲೇ ಅದನ್ನು ‘ನನ್ ಸ್ಕೂಲು’ ಎನ್ನುತ್ತಿದ್ದಳು. ನೀಲಿ ಬಣ್ಣದ ವಾಟರ್ ಬಾಟಲಿ ಕೊರಳಿಗೆ ಹಾಕಿಕೊಂಡು ಅಡಿಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡಿಗೆಮನೆಗೆ ಸ್ಕೂಲಿಗೆ ಹೋಗಿಬರುತ್ತಿದ್ದಳು.

ಅರ್ಜಿಯಲ್ಲಿ ಎಲ್ಲವನ್ನೂ ತುಂಬಿದೆ. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ: ನಿಮ್ಮ ಕುಟುಂಬದ ವಿಶೇಷವೇನು? ಕೆಳಗೆ ನಾಲ್ಕು ಖಾಲಿ ಗೆರೆಗಳು.

ಎರಡು ದಿನ ಆ ಗೆರೆಗಳು ಹಾಗೇ ಇದ್ದವು. ಎದುರು ಮನೆಯಾಕೆ ಹಾಲಿನ ಪ್ಯಾಕೆಟ್ ಇಸಿದುಕೊಳ್ಳಲು ಬಂದವಳು ಊಟದ ಮೇಜಿನ ಮೇಲೆ ಅರ್ಜಿ ನೋಡಿದಳು. ಅವಳು ಒಂದು ಕಂಪನಿಯಲ್ಲಿ ಜನರನ್ನು ಇಂಟರ್‌ವ್ಯೂ ಮಾಡಿ ಕೆಲಸಕ್ಕೆ ತೆಗೆದುಕೊಳ್ಳುವ ಹುದ್ದೆಯಲ್ಲಿದ್ದಳು. ಅವಳ ಮಗ ಅದೇ ಸ್ಕೂಲಿನಲ್ಲಿದ್ದ.

"ಅಯ್ಯೋ, ಇದನ್ನೇ ಖಾಲಿ ಬಿಟ್ಟಿದೀರಲ್ರೀ! ಬೇರೆಲ್ಲ ಸುಮ್ನೆ. ಅವ್ರು ಓದೋದೇ ಇದನ್ನ."

"ಏನ್ ಬರೀಬೇಕೋ ಗೊತ್ತಾಗ್ತಿಲ್ಲ."

"ಟ್ರೆಕ್ಕಿಂಗ್ ಹೋಗ್ತೀವಿ ಅಂತ ಬರೀರಿ."

"ಶಿವಗಂಗೆ ಬೆಟ್ಟಾನೇ ಅರ್ಧ ಹತ್ತಿ ಇಳಿದ್ಬಂದಿದೀವಿ."

"ಹೋಗ್ಲಿ, ಪಾಟರಿ ಅಂತ ಹಾಕಿ. ಮಣ್ಣಿನ ಪಾಟು, ಗೀಟು ಮಾಡ್ತೀನಿ ಅಂತ. ಈಗ ಅದೇ ಫ್ಯಾಶನ್ನು. ಮನೆಗ್ ಬಂದು ಯಾರ್ ನೋಡ್ತಾರೆ?"

"ಸುಳ್ಳಾಗುತ್ತಲ್ಲ."

ಅವಳು ಹಾಲಿನ ಪ್ಯಾಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ನನ್ನನ್ನು ನೋಡಿದಳು. ಅವಳ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಲು ಬಂದವರು ನೋಡುವ ಹಾಗೆ ನೋಡಿದಳು ಅಷ್ಟೆ.

ಕೊನೆಗೆ ನಾನು ನನ್ನ ದುಂಡನೆಯ ಅಕ್ಷರದಲ್ಲಿ ಒಂದು ವಾಕ್ಯ ಬರೆದೆ: ನಮ್ಮದು ಚಿಕ್ಕ ಕುಟುಂಬ, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಒಂದು ಗೆರೆ ತುಂಬಿತು. ಮೂರು ಉಳಿದವು. ಸಂಜೆ ಯಜಮಾನರು ಅರ್ಜಿ ನೋಡಿ ಕನ್ನಡಕ ಏರಿಸಿಕೊಂಡರು.

"ಮೂರು ಲೈನ್ ಖಾಲಿ ಬಿಟ್ಟಿದೀಯ."

"ಇನ್ನೇನೂ ಹೊಳೀಲಿಲ್ರೀ."

"ಹೊಳೀದೇ ಇದ್ರೆ ಪರ್ವಾಗಿಲ್ಲ. ಖಾಲಿ ಬಿಡಬಾರದು. ಆಮೇಲೆ ಯಾರು ಬೇಕಾದ್ರೂ ಏನು ಬೇಕಾದ್ರೂ ತುಂಬ್ಬಹುದು."

ಅವರ ಫ್ಯಾಕ್ಟರಿಯ ರಿಜಿಸ್ಟರುಗಳಲ್ಲಿ ಅದು ನಿಯಮ. ಖಾಲಿ ಉಳಿದ ಜಾಗಕ್ಕೆ ಅಡ್ಡಗೀಟು ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಅವರು ಸ್ಕೇಲು ತರಿಸಿಕೊಂಡು ಆ ಮೂರು ಗೆರೆಗಳ ಮೇಲೆ ಮೂಲೆಯಿಂದ ಮೂಲೆಗೆ ನೀಟಾಗಿ ಗೀಟು ಎಳೆದರು. ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕಿದರು, ತಾರೀಖು ಬರೆದರು. ನನಗೂ ಅದು ಸರಿಯೆಂದೇ ಕಂಡಿತು. ಈಗ ನೆನೆಸಿಕೊಂಡರೆ ನಗು ಬರಬೇಕು, ಆದರೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಇಂಟರ್‌ವ್ಯೂ ದಿನ ಅವರು ಅರ್ಧ ದಿನ ರಜೆ ಹಾಕಿದರು. ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು, ಕೈಯಲ್ಲಿ ಬಣ್ಣಬಣ್ಣದ ಚೀಟಿ ಅಂಟಿಸಿದ ಫೈಲು. ಲಿಫ್ಟಿನಲ್ಲಿ ಇಳಿಯುವಾಗ ಹೇಳಿದರು, "ನೋಡು, ಇದೂ ಆಡಿಟ್ ಇದ್ದ ಹಾಗೇ. ಕೇಳಿದ್ದಕ್ಕಷ್ಟೇ ಉತ್ತರ. ಒಂದಕ್ಕೆ ಎರಡು ಹೇಳಿದ್ರೆ ಅದ್ರಿಂದ ನಾಲ್ಕು ಪ್ರಶ್ನೆ ಹುಟ್ಕೊಳ್ತವೆ."

ಹೊರಗಿನವರು ತಪಾಸಣೆಗೆ ಬಂದಾಗ ಅವರು ತಮ್ಮ ಕೈಕೆಳಗಿನವರಿಗೆ ಹೇಳಿಕೊಡುತ್ತಿದ್ದ ಮಾತು ಅದು. ನನಗೆ ಸಿಸ್ಟರ್‌ಗಳು ಕಲಿಸಿದ್ದೂ ಅದೇ. ಒಂದೇ ಅಳತೆಯ ಎರಡು ವಾಲ್ವುಗಳ ಹಾಗೆ ನಾವಿಬ್ಬರೂ ಮಗಳನ್ನು ಮಧ್ಯೆ ಇಟ್ಟುಕೊಂಡು ಹೋಗಿ ಕೂತೆವು.

ಎದುರಿಗಿದ್ದವರು ಗಿಡ್ಡ ಕೂದಲಿನ, ಕಿತ್ತಳೆ ಬಣ್ಣದ ಕನ್ನಡಕದ ಒಬ್ಬ ಮೇಡಂ. ಆ ಸ್ಕೂಲಿನ ಪ್ರಿನ್ಸಿಪಾಲರು. ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಟೀಚರ್. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಉಳಿದಿರುವುದು ಹೀಗೆ.

ಪ್ರಿನ್ಸಿಪಾಲರು ಅರ್ಜಿಯ ಕೊನೆಯ ಪುಟ ತಿರುಗಿಸಿ ನಮ್ಮ ಕಡೆ ಹಿಡಿದರು. "ಇದೇನು, ಗೀಟು ಎಳೆದಿದ್ದೀರಿ?"

"ಇನ್ನು ಹೇಳುವುದು ಏನೂ ಇಲ್ಲ ಎಂದು, ಮೇಡಂ," ಎಂದರು ಯಜಮಾನರು.

"ಓ." ಅವರು ಒಂದು ಕ್ಷಣ ಗೀಟನ್ನೇ ನೋಡಿದರು. "ಸರಿ. ವೀಕೆಂಡಿನಲ್ಲಿ ಮೂವರೂ ಸೇರಿ ಏನು ಮಾಡುತ್ತೀರಿ?"

"ಶನಿವಾರ ಕೆಲಸವಿರುತ್ತದೆ ಮೇಡಂ. ಭಾನುವಾರ ವಾರದ ರಜೆ."

"ರಜೆಯಲ್ಲಿ?"

"ರಜೆ ಮೇಡಂ."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಮತ್ತೆ ನೀವು? ನಿಮಗೆ ಅಂತ ಏನು ಇಷ್ಟ? ನಿಮ್ಮ ಪ್ಯಾಶನ್?"

ನಾನು ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೋಗಿ, ಮತ್ತೆ ಕೂತೆ. ಯೋಚಿಸಿದೆ. ಬಿಸಿಲಿಗೆ ಒಣಗಿದ ಬಟ್ಟೆಯನ್ನು ಬೆಚ್ಚಗಿರುವಾಗಲೇ ಮಡಚುವುದು ನನಗೆ ಇಷ್ಟ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಸಿಂಕು ಒಣಗುವುದನ್ನು ನೋಡುವುದು ಇಷ್ಟ. ಇವು ಉತ್ತರಗಳಲ್ಲ ಎಂದು ನನಗೆ ಗೊತ್ತಿತ್ತು.

"ನಾನು ಮನೆ ನೋಡಿಕೊಳ್ಳುತ್ತೇನೆ, ಮೇಡಂ," ಎಂದೆ. ಪೂರ್ತಿ ವಾಕ್ಯ.

ಕೊನೆಗೆ ಮಗಳನ್ನು ಕನ್ನಡದಲ್ಲೇ ಕೇಳಿದರು, ನಿನ್ನೆ ಏನು ಮಾಡಿದೆ ಎಂದು.

"ಟ್ಯಾಂಕರ್ ಬಂತು," ಎಂದಳು ಅವಳು. "ಪೈಪ್ ಲೀಕ್ ಆಯ್ತು. ಅಮ್ಮ ಬಕೆಟ್ ಇಟ್ಲು."

"ಆಮೇಲೆ?"

"ಬಕೆಟ್ ತುಂಬ್ತು."

"ಆಮೇಲೆ ಏನಾಯಿತು, ಪುಟ್ಟಾ?"

ಅವಳು ನನ್ನ ಮುಖ ನೋಡಿ, ಮತ್ತೆ ಅವರ ಮುಖ ನೋಡಿದಳು. "ಅಷ್ಟೇ."

ಬರೆದುಕೊಳ್ಳುತ್ತಿದ್ದ ಟೀಚರ್ ನಗು ತಡೆಯಲು ತುಟಿ ಕಚ್ಚಿಕೊಂಡರು. ನಾನು ಮಗಳನ್ನೇ ನೋಡಿದೆ. ನನ್ನ ಹಾಗೆಯೇ ಆಗಿಬಿಟ್ಟಿದ್ದಾಳೆ, ನಾಲ್ಕೇ ವರ್ಷಕ್ಕೆ.

ಮುಂದಿನ ವಾರ ಸ್ಕೂಲಿನ ಗೇಟಿನಲ್ಲಿ ಪಟ್ಟಿ ಅಂಟಿಸಿದರು. ಯಜಮಾನರು ಬೆರಳಿಟ್ಟು ಮೇಲಿನಿಂದ ಕೆಳಗೆ ಹೋದರು, ಆಮೇಲೆ ಕೆಳಗಿನಿಂದ ಮೇಲೆ ಬಂದರು. ನಮ್ಮ ನಂಬರು ಇರಲಿಲ್ಲ. ಅವರು ಒಳಗೆ ಹೋಗಿ ರಿಸೆಪ್ಷನ್ ಹುಡುಗಿಯ ಮುಂದೆ ನಿಂತರು.

"ಕಾರಣ ಎಲ್ಲಿ ಬರ್ದಿದಾರೆ?"

"ಸಾರಿ ಸರ್, ಅದನ್ನೆಲ್ಲ ಹೇಳಲ್ಲ."

"ಹಂಗಲ್ಲಮ್ಮ. ನಮ್ಮಲ್ಲಿ ಒಂದು ಪೀಸ್ ರಿಜೆಕ್ಟ್ ಮಾಡಿದ್ರೂ ಕೆಂಪು ಚೀಟಿ ಕಟ್ಟಿ, ಏನು ತಪ್ಪು ಅಂತ ಬರೀತೀವಿ. ಇಲ್ದಿದ್ರೆ ಸರಿಮಾಡೋದು ಹೆಂಗೆ?"

ಅವರು ಜಗಳವಾಡುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದರು. ಆ ಹುಡುಗಿ ಇನ್ನೊಂದು ಸಲ ಸಾರಿ ಎಂದಳು. ಅವರು ಫೈಲನ್ನು ಕಂಕುಳಿಗೆ ಸೇರಿಸಿ ಹೊರಗೆ ಬಂದರು. ಆ ದಿನ ಊಟದಲ್ಲಿ ಮಜ್ಜಿಗೆ ಬಂದರೂ ಮಾತಿಲ್ಲ.

ಕಾರಣ ನನಗೆ ಎರಡು ದಿನ ಬಿಟ್ಟು ಸಿಕ್ಕಿತು. ಎದುರು ಮನೆಯಾಕೆಗೆ ಅಲ್ಲಿ ಪರಿಚಯವಿತ್ತು.

"ಕೇಳ್ದೆ ಕಣ್ರೀ. ಬೇಜಾರ್ ಮಾಡ್ಕೋಬೇಡಿ. ಮಗು ಓಕೆ ಅಂತೆ. ಅಪ್ಪ ಫ್ಯಾಕ್ಟರಿ, ಅದೂ ಓಕೆ. ಅಮ್ಮ ತುಂಬ ಡಲ್ ಅಂದ್ರಂತೆ. ಮನೇಲಿ ಮಗೂಗೆ ಎಕ್ಸ್‌ಪೋಷರ್ ಸಿಗಲ್ಲ ಅಂತ." ಮತ್ತೆ ಹೇಳಿದಳು, "ನಾನ್ ಹೇಳ್ದೆ ತಾನೆ, ಪಾಟರಿ ಹಾಕಿ ಅಂತ?"

ಆಗಲಿ ಎಂದೆ. ಬಾಗಿಲು ಹಾಕಿಕೊಂಡು ಬಂದು ನೆನೆಸಿದ್ದ ಹೆಸರುಕಾಳಿನ ನೀರು ಬಸಿದೆ. ಯಜಮಾನರಿಗೆ ಈ ವಿಷಯ ಹೇಳಲಿಲ್ಲ. ಅವರು ಹುಡುಕುತ್ತಿದ್ದ ಕೆಂಪು ಚೀಟಿ ನನ್ನ ಕೊರಳಲ್ಲೇ ಇತ್ತು. ಹೇಳಿದ್ದರೆ ಅವರು ಸರಿಮಾಡುವುದು ಹೇಗೆ ಎಂದು ಕೇಳುತ್ತಿದ್ದರು. ಅದು ನನಗೆ ಗೊತ್ತಿರಲಿಲ್ಲ.

ಆ ದಿನಗಳ ಆಯಾಸ ಎಂಥದೆಂದು ವಿವರಿಸುವುದು ಕಷ್ಟ. ಕೆಲಸ ಹೆಚ್ಚಾಗಿರಲಿಲ್ಲ, ಎಂದಿನಷ್ಟೇ ಇತ್ತು. ಆದರೆ ಮಾಡುವ ಪ್ರತಿಯೊಂದನ್ನೂ ಆ ಕಿತ್ತಳೆ ಕನ್ನಡಕದ ಮೂಲಕ ನೋಡುತ್ತಿದ್ದೆ. ಅಕ್ಕಿ ಆರಿಸುವಾಗ, ಓಹೋ ಅಕ್ಕಿ ಆರಿಸುತ್ತಿದ್ದಾಳೆ. ಕರ್ಟನ್ ಬದಲಾಯಿಸುವಾಗ, ಓಹೋ ಇದೇ ಬಣ್ಣ. ಮಗಳ ಜೊತೆ ಬಾಲ್ಕನಿಯಲ್ಲಿ ಕೂತು ಟ್ಯಾಂಕರಿನ ದಾರಿ ಕಾಯುವುದು ಮೊದಲು ಒಂದು ಕೆಲಸವೆನಿಸುತ್ತಿತ್ತು. ಈಗ ಅವಳಿಗೆ ನಾನು ಮಾಡುತ್ತಿರುವ ಅನ್ಯಾಯವೆನಿಸತೊಡಗಿತು. ಅವಳು ಬಾಟಲಿ ಹಾಕಿಕೊಂಡು ಬಂದು ಕೇಳುತ್ತಿದ್ದಳು, "ಅಮ್ಮ, ನನ್ ಸ್ಕೂಲಿಗೆ ಯಾವಾಗ ಹೋಗೋದು?" ನಾನು "ನೋಡೋಣ" ಎನ್ನುತ್ತಿದ್ದೆ. ಭಾನುವಾರ ಅವ್ವ ಏನ್ ವಿಶೇಷ ಎಂದು ಕೇಳಿದಾಗ ಮೊದಲ ಬಾರಿಗೆ ಹೇಳುವುದಕ್ಕೆ ಏನೋ ಇತ್ತು. ಆದರೂ "ಏನಿಲ್ಲವ್ವ" ಎಂದೆ.

ಜೂನ್ ಹತ್ತಿರ ಬಂತು. ಉಳಿದದ್ದು ಒಂದೇ ಸ್ಕೂಲು. ವರ್ತೂರು ಕೆರೆಯ ಕಡೆ, ಊರಿನ ಹಳೆಯ ಮನೆತನದ ಒಬ್ಬ ಹಿರಿಯರು ತಮ್ಮ ಹೊಲದಲ್ಲಿ ಕಟ್ಟಿಸಿದ್ದು. ಅವರ ಬೇರೆ ಹೊಲಗಳೆಲ್ಲ ಅಪಾರ್ಟ್‌ಮೆಂಟಾಗಿ, ಇದೊಂದು ಸ್ಕೂಲಾಗಿ ಉಳಿದಿತ್ತು. ನಮ್ಮ ಕಟ್ಟಡಕ್ಕೆ ಅವರ ವ್ಯಾನು ಬರುತ್ತಿತ್ತು, ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ತಲುಪಿದರೆ ಮಗಳು ತಡೆದುಕೊಳ್ಳಬಹುದು. ಇಲ್ಲೂ ತಪ್ಪಿದರೆ ಅವಳು ಇನ್ನೊಂದು ವರ್ಷ ಅಡಿಗೆಮನೆಯಿಂದ ಹಾಲಿಗೆ ಸ್ಕೂಲಿಗೆ ಹೋಗಬೇಕು. ಇನ್ನೊಂದು ವರ್ಷ ಅವಳು ಬರೀ ನನ್ನನ್ನೇ ಕಲಿಯಬೇಕು. ಅದು ನನ್ನನ್ನು ಹೆದರಿಸಿತು.

ಯಜಮಾನರಿಗೆ ಆ ವಾರ ನಿಜವಾದ ಆಡಿಟ್ ಇತ್ತು. ನಾನೊಬ್ಬಳೇ ಮಗಳ ಕೈ ಹಿಡಿದು ಹೊರಟೆ. ಬಿಸಿಲಿನಲ್ಲಿ ನಡೆದೇ ಹೋದೆವು. ಕೆರೆಯ ವಾಸನೆ ಹತ್ತಿರವಾಗುತ್ತಿದ್ದಂತೆ ಅವಳು ಮೂಗು ಮುಚ್ಚಿಕೊಂಡಳು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಒಂದು ವಾಕ್ಯವನ್ನು ಸಿದ್ಧಮಾಡಿಕೊಂಡೆ.

ಆ ಹಿರಿಯರು ಸ್ಕೂಲಿನ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಳಿ ಪಂಚೆ, ಬಿಳಿ ಶರ್ಟು, ತೊಡೆಯ ಮೇಲೆ ದಪ್ಪ ರಿಜಿಸ್ಟರು.

"ಬನ್ನಿ ತಾಯಿ, ಕೂತ್ಕಳಿ. ಮಗು ಎಸ್ರೇನು?"

ಹೆಸರು ಹೇಳಿದೆ. ಬರೆದುಕೊಂಡರು. ಅವರು ಮುಂದಿನದನ್ನು ಕೇಳುವ ಮೊದಲೇ, ನನ್ನ ಜೀವಮಾನದಲ್ಲಿ ಮೊದಲ ಸಲ, ಕೇಳದೆ ಹೇಳಿದೆ.

"ನಾನು ಮಡಕೆ ಮಾಡ್ತೀನಿ, ಸಾರ್. ಪಾಟರಿ. ಹವ್ಯಾಸ."

ಅವರ ಪೆನ್ನು ನಿಂತಿತು. ಕಣ್ಣು ಅಗಲವಾದವು.

"ಮಡಕೇನಾ? ನೀವಾ? ಬಲೇ ತಾಯಿ! ಬನ್ನಿ ಬನ್ನಿ, ಇಂಗ್ ಬನ್ನಿ."

ಎದ್ದು ಹೊರಟೇಬಿಟ್ಟರು. ನಾನು, ಮಗಳು ಹಿಂದೆ. ಸ್ಕೂಲಿನ ಹಿಂಬದಿಯ ಶೆಡ್ಡಿನಲ್ಲಿ ಮುರಿದ ಬೆಂಚುಗಳನ್ನು ಪಕ್ಕಕ್ಕೆ ಸರಿಸಿ ತೋರಿಸಿದರು. ಧೂಳಿನಲ್ಲಿ ಮಡಕೆ ಮಾಡುವ ಒಂದು ದೊಡ್ಡ ಚಕ್ರ ಒರಗಿ ನಿಂತಿತ್ತು.

"ನಮ್ಮೂರ ಕುಂಬಾರಣ್ಣಂದು. ಕೆರೆ ಮಣ್ಣಲ್ಲೇ ಎಂಥಾ ಮಡಕೆ ಮಾಡೋನು ಅಂತೀರಿ! ಈಗ ಆ ಕೆರೆ ಮಣ್ಣ ಕೈಯಾಗ್ ಮುಟ್ಟಂಗಿಲ್ಲ ಬುಡಿ. ಅವ್ನೂ ಓದ. ಮಕ್ಳು ಇದ್ನ ಗುಜರಿಗೆ ಆಕ್ತೀವಿ ಅಂದ್ರು, ನಾನೇ ಈಸ್ಕೊಂಡೆ. ಯಾರಾನ ಬರ್ತಾರೆ ಅಂತ. ನೀವು ವಾರಕ್ಕೊಂದಿನ ಬಂದು ನಮ್ಮ ಮಕ್ಳಿಗೆ ತೋರ್ಸ್ಕೊಡಿ ತಾಯಿ. ಮಣ್ಣು ನಾನ್ ತರುಸ್ತೀನಿ."

ನಾನು ಸುಮ್ಮನೆ ಚಕ್ರದ ಅಂಚಿನ ಮೇಲೆ ಕೈಯಿಟ್ಟೆ. ಮರ ತಣ್ಣಗಿತ್ತು. ಎಷ್ಟೋ ವರ್ಷ ಯಾರದೋ ಕೈ ತಾಗಿ ತಾಗಿ ಒಂದು ಕಡೆ ನುಣುಪಾಗಿ ತಗ್ಗಾಗಿತ್ತು.

"ಅಮ್ಮ," ಎಂದಳು ಮಗಳು. "ನಿಂಗೆ ಮಡಕೆ ಮಾಡೋಕ್ ಬರುತ್ತಾ?"

ಮೂಗು ಮುಚ್ಚಿಕೊಂಡಿದ್ದ ಕೈ ತೆಗೆದು ಅವಳು ನನ್ನನ್ನು ನೋಡುತ್ತಿದ್ದಳು. ಅವಳು ನನ್ನನ್ನು ಅಲ್ಲಿಯವರೆಗೆ ಹಾಗೆ ನೋಡಿರಲಿಲ್ಲ. ಟ್ಯಾಂಕರನ್ನು ನೋಡುವಾಗ ಇರುತ್ತಿದ್ದ ಮುಖ ಅದು, ಅದಕ್ಕಿಂತಲೂ ಹೆಚ್ಚು. ಹೌದು ಎನ್ನಬೇಕೆಂದು ಎಷ್ಟು ಆಸೆಯಾಯಿತೆಂದರೆ, ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಒಂದು ವಾರವಾದರೂ ಆ ಮುಖ ಹಾಗೇ ಇರಲಿ ಎನಿಸಿತು. ಆದರೆ ಪಕ್ಕದಲ್ಲಿ ಆ ಹಿರಿಯರು ಪಂಚೆಯ ತುದಿಯಿಂದ ಚಕ್ರದ ಧೂಳು ಒರೆಸತೊಡಗಿದ್ದರು.

"ಇಲ್ಲ ಪುಟ್ಟಾ," ಎಂದೆ. "ಬರಲ್ಲ." ಆಮೇಲೆ ಅವರ ಕಡೆ ತಿರುಗಿದೆ. "ಕ್ಷಮಿಸಿ ಸಾರ್. ನಾನು ಸುಳ್ಳು ಹೇಳ್ದೆ. ನನಗೆ ಏನೂ ಬರಲ್ಲ."

ಅವರ ಕೈ ನಿಂತಿತು. "ಮತ್ಯಾಕ್ ತಾಯಿ ಅಂಗಂದ್ರಿ?"

"ಏನಾದ್ರೂ ವಿಶೇಷ ಇಲ್ದಿದ್ರೆ ಸೀಟು ಕೊಡಲ್ಲ ಅಂದ್ಕೊಂಡೆ."

ಅವರು ನಗಲಿಲ್ಲ. ಚಕ್ರವನ್ನೊಮ್ಮೆ ನೋಡಿದರು. ಬೆಂಚುಗಳನ್ನು ಮೊದಲಿನಂತೆಯೇ ಅದರ ಮುಂದೆ ಸರಿಸಿ, ಕೈ ಕೊಡವಿಕೊಂಡರು. ಅವರಿಗೆ ಆ ನಿರಾಸೆ ಮಾಡಿದ್ದು ನನ್ನ ಮಟ್ಟಿಗೆ ಆ ಸುಳ್ಳಿಗಿಂತ ದೊಡ್ಡ ತಪ್ಪು. ಅವರು ಮತ್ತೆ ಮರದ ಕೆಳಗೆ ಬಂದು ಕೂತರು. ನಾವು ಇನ್ನು ಹೊರಡಬೇಕೇನೋ ಎಂದು ನಾನು ನಿಂತೇ ಇದ್ದೆ.

"ಕೂತ್ಕಳಿ. ನಾನ್ ಕೇಳೋದ್ ಒಂದೇ. ಮೂರೂವರೆಗೆ ವ್ಯಾನ್ ಬಂದಾಗ ಮನೇಲಿ ಯಾರಿರ್ತಾರೆ?"

"ನಾನು."

"ದಿನಾ?"

"ದಿನಾ."

"ಮದ್ವೆ, ಮುಂಜಿ, ಅಬ್ಬ ಅಂತ ಓಗಾಕಿಲ್ವಾ?"

"ಹೋದ್ರೂ ಮೂರೂವರೆಗೆ ಬಂದಿರ್ತೀನಿ ಸಾರ್."

"ನೋಡಿ ತಾಯಿ, ಎಲ್ಲಾ ಮಕ್ಳೂ ಚೆಂದಾಗೇ ಅವೆ. ಆದ್ರೆ ವ್ಯಾನು ಓದ್ರೆ ಮನೆಗೆ ಬೀಗ. ಮೀಟಿಂಗು, ಟ್ರಾಫಿಕ್ಕು ಅಂತಾರೆ. ನಾಕ್ ಮಕ್ಳು ದಿನಾ ಅದೇ ವ್ಯಾನಲ್ಲಿ ವಾಪಸ್ ಬತ್ತವೆ. ಏಳು ಗಂಟೆಗಂಟ ಆಯಾ ಜತೆ ಇಲ್ಲೇ ಕೂತಿರ್ತವೆ. ವ್ಯಾನಿಂದ ಇಳಿಯೋವಾಗ ಗೇಟ್ ತಾವ ಯಾರೂ ಇಲ್ಲ ಅಂದ್ರೆ ಆ ಮಕ್ಳ ಮಖ ನೋಡಾಕಾಗಲ್ಲ." ರಿಜಿಸ್ಟರಿನ ಒಂದು ಹಾಳೆ ತಿರುವಿ ಹೇಳಿದರು, "ಅದ್ರಲ್ಲಿ ಒಂದು ನಿಮ್ ಬಿಲ್ಡಿಂಗಿಂದೇ. ಎಣ್ಮಗು. ಅದ್ರ ತಾಯೀನ ನಾನ್ ಕೇಳ್ತೀನಿ. ಅದ್ನೂ ಇಳಿಸ್ಕೊಂಡು ಕೂರುಸ್ಕತೀರಾ?"

"ಆಗಲಿ ಸಾರ್."

ಅವರು ಮಗಳ ಹೆಸರಿನ ಮುಂದೆ ನಿಧಾನವಾಗಿ ಬರೆದರು. ಸ್ಕೂಲಿನ ದಿನಗಳಿಂದಲೂ ನನಗೆ ತಲೆಕೆಳಗಾದ ಅಕ್ಷರ ಓದುವ ಅಭ್ಯಾಸ. ‘ತಾಯಿ ಮನೆಯಲ್ಲಿ ಇರುತ್ತಾರೆ’ ಎಂದಿತ್ತು. ಕೆಳಗೆ ಗೀಟು.

ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ವಾಪಸು ನಡೆದು ಬರುವಾಗ ಒಂದು ಮಾತು ಹೊಳೆಯಿತು. ಇಲ್ಲಿ ಮಗಳಿಗೆ ಸೀಟು ಸಿಕ್ಕಿದ್ದು, ಅಲ್ಲಿ ತಪ್ಪಿದ್ದಕ್ಕೆ ಏನು ಕಾರಣವೋ ಅದೇ ಕಾರಣಕ್ಕೆ. ದಿನಾ ಎಂಬ ಮಾತನ್ನು ನಾನು ಎಷ್ಟು ಬೇಗ ಹೇಳಿಬಿಟ್ಟಿದ್ದೆ. ರಸ್ತೆಯ ಬದಿಯಲ್ಲಿ ಎಳನೀರು ಕುಡಿಯುತ್ತ ನಿಂತಾಗ ಅದು ಎಷ್ಟು ಉದ್ದದ ಮಾತು ಎಂದು ಲೆಕ್ಕಕ್ಕೆ ಸಿಗಲಿಲ್ಲ.

ಸಂಜೆ ಯಜಮಾನರು ಶೂ ಬಿಚ್ಚುತ್ತ, "ಏನಾಯ್ತು? ಏನ್ ಕೇಳಿದ್ರು?" ಎಂದರು.

"ಮೂರೂವರೆಗೆ ಮನೇಲಿ ಯಾರಿರ್ತಾರೆ ಅಂತ. ಸೀಟು ಕೊಟ್ರು."

"ಅಷ್ಟೇನಾ?"

"ಅಷ್ಟೇ."

"ನೋಡಿದ್ಯಾ, ಸರಿಯಾದ ಪ್ರಶ್ನೆ," ಎಂದು ಅವರು ಸಾಕ್ಸು ಕಳಚಿದರು. "ಏನು ಬೇಕು ಅಂತ ಅವ್ರಿಗೇ ಗೊತ್ತಿದ್ರೆ ಹೀಗೆ."

"ಅಪ್ಪ, ಅಮ್ಮ ಸುಳ್ಳು ಹೇಳಿದ್ಲು," ಎಂದಳು ಮಗಳು.

ಅವರು ಸಾಕ್ಸು ಕೈಯಲ್ಲೇ ಹಿಡಿದು ತಲೆಯೆತ್ತಿದರು. "ಯಾರು? ನಿಮ್ಮಮ್ಮಾನಾ?"

ಹೇಳಬೇಕಾಯಿತು. ಮಡಕೆಯದ್ದು, ಚಕ್ರದ್ದು, ಹಾಗೇ ಎದುರು ಮನೆಯಾಕೆ ತಂದ ಕಾರಣವನ್ನೂ.  ಅವರು ಒಂದು ಕಾಲಿಗೆ ಸಾಕ್ಸು, ಒಂದು ಕಾಲಿಗೆ ಇಲ್ಲದೆ ಕೂತಿದ್ದು, "ಗೀಟು ಎಳ್ದಿದ್ದು ನಾನು," ಎಂದರು.  ನಾನು ಕಾಫಿ ಇಡಲು ಎದ್ದೆ.

ಜೂನ್ ಮೊದಲ ವಾರ ಸ್ಕೂಲು ಶುರುವಾಯಿತು. ಬೆಳಗ್ಗೆ ಅವಳ ಸಮವಸ್ತ್ರದ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಕವರನ್ನು ನಾಲ್ಕು ಮಡಿಕೆ ಮಾಡಿ ಇಟ್ಟೆ. ವಾಂತಿ ಬಂದರೆ ಬಿಚ್ಚಿ ಬಾಯಿಗೆ ಹಿಡಿಯಬೇಕು ಎಂದು ಮೂರು ಸಲ ತೋರಿಸಿಕೊಟ್ಟೆ. ಅವಳು ವ್ಯಾನಿನ ಕಿಟಕಿಯಿಂದ ಕೈ ಬೀಸಲಿಲ್ಲ. ಕವರಿನ ಜೇಬನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಅಂದು ಮೂರು ಗಂಟೆಗೇ ಗೇಟಿನ ಬಳಿ ಇಳಿದು ಹೋಗಿ ಹೂಕುಂಡಗಳ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಕೂತೆ. ಬಿಸಿಲಿಗೆ ಕಟ್ಟೆ ಕಾದಿತ್ತು. ವಾಚ್‌ಮನ್ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಬೆಳಗ್ಗೆ ಟ್ಯಾಂಕರಿನಿಂದ ಚೆಲ್ಲಿದ್ದ ನೀರು ಒಣಗಿ ಅದರ ಅಂಚಿನ ಗುರುತು ಮಾತ್ರ ಉಳಿದಿತ್ತು. ನನಗೆ ದಣಿವಾಗಿತ್ತು. ಆ ದಿನದ ದಣಿವು ಮಾತ್ರವಲ್ಲ, ಮುಂದೆ ಬರಲಿರುವ ದಿನಗಳದ್ದೂ ಸೇರಿತ್ತೇನೋ. ಆಮೇಲೆ ಎಷ್ಟೋ ವರ್ಷ ಅದೇ ಕಟ್ಟೆಯ ಮೇಲೆ ಅದೇ ಹೊತ್ತಿಗೆ ಕೂತಿದ್ದೇನೆ. ಅವುಗಳಲ್ಲಿ ಒಂದು ದಿನವನ್ನು ಇನ್ನೊಂದರಿಂದ ಬೇರೆಮಾಡಿ ನೆನಪಿಸಿಕೊಳ್ಳಲು ನನಗೆ ಆಗುವುದಿಲ್ಲ. ಮೊದಲ ದಿನವೊಂದು ಬಿಟ್ಟು.

ಮೂರೂವರೆಗೆ ವ್ಯಾನು ಬಂತು. ಮೊದಲು ಇಳಿದವಳು ಆ ಇನ್ನೊಂದು ಹುಡುಗಿ, ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡವಳು. ಇಳಿಯುತ್ತಲೇ ಗೇಟಿನ ಕಡೆ ನೋಡಿದಳು. ನಾನು ಕೈ ಚಾಚಿದೆ. ಅವಳು ಸ್ವಲ್ಪ ಯೋಚಿಸಿ ಹಿಡಿದುಕೊಂಡಳು. ಆಮೇಲೆ ನನ್ನ ಮಗಳು ಇಳಿದಳು, ಒಂದು ಜಡೆ ಬಿಚ್ಚಿತ್ತು.

"ಏನ್ ಪುಟ್ಟಾ, ಏನಾಯ್ತು ಸ್ಕೂಲಲ್ಲಿ?"

"ಏನೂ ಇಲ್ಲ," ಎಂದಳು. ಜೇಬಿನಿಂದ ಪ್ಲಾಸ್ಟಿಕ್ ಕವರನ್ನು ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಬೆಳಗ್ಗೆ ಮಡಚಿದ ನಾಲ್ಕು ಮಡಿಕೆ ಹಾಗೇ ಇತ್ತು.